ಕೇಸರಿ ಬೀಳದ ಹಸಿರು

ಶರಫ್ ಪುಟವನ್ನೆತ್ತಿ ಬೆಳಕಿಗೆ ಹಿಡಿದ. ಕಿಟಕಿಯ ಬಿಸಿಲು ರಾಣಿಯ ಎದೆಯನ್ನು ತೂರಿಕೊಂಡು ಬಂದು ಅವನ ಗಡ್ಡದ ಮೇಲೆ ಬಿತ್ತು.

ರಾಣಿಯ ಮುಖಕ್ಕೆ ಏನೂ ಆಗಿರಲಿಲ್ಲ. ಹುಬ್ಬು, ತುಟಿ, ಗಲ್ಲದ ಮೇಲಿನ ಮಚ್ಚೆ ಎಲ್ಲವೂ ಬರೆದ ದಿನದ ಹಾಗೇ ಇದ್ದವು. ಕತ್ತಿನಿಂದ ಕೆಳಗೆ, ಹಸಿರು ನಿಲುವಂಗಿ ಇರಬೇಕಾದ ಕಡೆ ಮಾತ್ರ ಕಾಗದ ಕಂದಿ, ಸೀದ ರೊಟ್ಟಿಯ ಅಂಚಿನಂತೆ ಪುಡಿಪುಡಿಯಾಗಿ ಉದುರಿತ್ತು.

ತುರ್ಕರ ನಾಡಾದ ರೂಮಿನ ಸುಲ್ತಾನನಿಗೆ ಉಡುಗೊರೆಯಾಗಿ ಹೊರಡಬೇಕಿದ್ದ ಪುಸ್ತಕ ಅದು. ನಿನ್ನೆ ದೊರೆ ಷಾ ಅವರ ಮುಂದೆಯೇ ಅದನ್ನು ತೆರೆದಾಗ ಆ ಪುಡಿ ಅವರ ಮಡಿಲಿಗೇ ಬಿದ್ದಿತ್ತು. ಅಂಗಿಗೆ ಬಣ್ಣ ತುಂಬಿದ್ದ ಉಸ್ತಾದ್ ಯಾಹ್ಯಾ ಈಗ ಕಾವಲಿನಲ್ಲಿದ್ದ. ಕೇಳಿದ ಯಾವ ಪ್ರಶ್ನೆಗೂ ಅವನು ಬಾಯಿ ಬಿಟ್ಟಿರಲಿಲ್ಲ. ತಪ್ಪು ಅವನದೇ ಎಂದಾದರೆ, ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಅವನ ಬಲಗೈ ಹೋಗುತ್ತದೆ. ತಪ್ಪು ಯಾರದೆಂದು ಹೇಳಬೇಕಾದವನು ಚಿತ್ರಶಾಲೆಯ ಮೇಲ್ವಿಚಾರಕ ಶರಫ್.

"ಏನ್ ಖ್ವಾಜಾ, ಮುಖ ನೋಡ್ತಾ ಕೂತಿದ್ದೀರಾ, ತೂತು ನೋಡ್ತಾ ಇದ್ದೀರಾ?"

ಚಿನ್ನದ ಕೆಲಸದ ಬುರ್ಹಾನ್. ಬಂಗಾರದ ರೇಕನ್ನು ಜೇನಿನಲ್ಲಿ ಅರೆಯುತ್ತಿದ್ದವನು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡೇ ಕತ್ತು ಚಾಚಿದ.

"ತೂತು," ಎಂದ ಶರಫ್.

"ಹಾಗಾದ್ರೆ ಸರಿ. ಮುಖ ನೀವೇ ಬರೆದದ್ದಲ್ವಾ, ಅದಕ್ಕೆ ಕೇಳ್ದೆ. ನಿಮ್ಮ ಮುಖ ಉಳೀತು, ಅವನ ಬಟ್ಟೆ ಹೋಯ್ತು. ದೇವರು ಎಷ್ಟು ಲೆಕ್ಕಾಚಾರದವನು ನೋಡಿ!"

ಸಾಲಾಗಿ ಕೂತಿದ್ದವರ ಕುಂಚಗಳು ಒಮ್ಮೆ ನಿಂತವು. ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು.

"ನನ್ನ ಮೇಲೆ ಅನುಮಾನ ಇದ್ರೆ ಗ್ರಂಥಾಲಯದ ಮಿರ್ಜಾ ಅವರ ಮುಂದೆ ಹೋಗಿ ಹೇಳಿ, ಬುರ್ಹಾನ್."

"ಅಯ್ಯೋ, ನಾನ್ಯಾಕೆ ಹೇಳ್ಲಿ? ಅವನು ಹಾಳಾದ್ರೆ ನಂಗೂ ಹಬ್ಬವೇ. ಆದ್ರೆ ಒಂದು ಮಾತು. ಅವನ ಬಣ್ಣ ಅರೆಯೋರು ಯಾರು? ಅವನ ಹೆಂಡತಿ. ಅವಳು ಬರೆದ ಹೂವಿಗೂ ಅವನದ್ದೇ ಹೆಸರು. ಅಂಥ ಹೆಂಗಸಿನ ಹೊಟ್ಟೆಯಲ್ಲಿ ಏನಿರುತ್ತೆ, ನೀವೇ ಯೋಚನೆ ಮಾಡಿ."

ಆ ಮಾತನ್ನು ಶರಫ್ ಆಗಲೇ ಯೋಚಿಸಿದ್ದ.

ಪರ್ಷಿಯಾದ ರಾಜಧಾನಿ ಕಜ್ವೀನಿನ ಈ ಚಿತ್ರಶಾಲೆಯಲ್ಲಿ ಒಂದು ಪುಟ ಒಬ್ಬನದಾಗಿರುವುದೇ ಇಲ್ಲ. ಒಬ್ಬ ಗೆರೆ ಎಳೆಯುತ್ತಾನೆ, ಇನ್ನೊಬ್ಬ ಬಣ್ಣ ತುಂಬುತ್ತಾನೆ, ಮತ್ತೊಬ್ಬ ಚಿನ್ನ ಹಚ್ಚುತ್ತಾನೆ. ಮುಖ ಬರೆಯುವ ಕೆಲಸ ಮಾತ್ರ ಎಲ್ಲರಿಗಿಂತ ಹಗುರವಾದ ಕೈಗೆ ಮೀಸಲು. ಒಂದು ಕಾಲಕ್ಕೆ ಆ ಕೈ ಶರಫ್‌ನದಾಗಿತ್ತು. ಈ ರಾಣಿ ಅವನು ಬರೆದ ಕಡೆಯ ಮುಖ. ಆ ವರ್ಷವೇ ಬೆರಳು ನಡುಗತೊಡಗಿ, ಮುಖದ ಕುಂಚ ಯಾಹ್ಯಾನ ಕೈ ಸೇರಿತು. ಶರಫ್‌ಗೆ ಮೇಲ್ವಿಚಾರಣೆ ಸಿಕ್ಕಿತು. ಕಾಗದ ಕಡಿಮೆ ಬಿತ್ತೇ, ನೀಲಿಕಲ್ಲು ಯಾರ ಜೇಬು ಸೇರಿತು, ಕಳೆದ ಕುಂಚ ಯಾರ ಪೇಟದಲ್ಲಿದೆ ಎಂದು ಪತ್ತೆ ಮಾಡುವ ಕೆಲಸ. ಜನ ಅದನ್ನು ಗೌರವ ಎಂದರು. ಅವನೂ ತಲೆಬಾಗಿ ಗೌರವ ಎಂದೇ ಒಪ್ಪಿಕೊಂಡ.

ಒಳಗೆ ಮಾತ್ರ ಒಂದು ಕೆಂಡ ಬೂದಿ ಮುಚ್ಚಿಕೊಂಡು ಕೂತಿತ್ತು. ಷಾ ಅವರು ಯಾಹ್ಯಾನ ಬೆನ್ನು ತಟ್ಟಿದ ದಿನವೆಲ್ಲ ಶರಫ್‌ಗೆ ಊಟ ಕಹಿ. ಎದುರು ಕೂತು ಬಡಿಸುವ ಹೆಂಡತಿ ಮಾಹ್‌ರುಖ್‌ಗೆ, ಯಾಹ್ಯಾನ ಗೆರೆ ಎಲ್ಲಿ ಸೋತಿದೆ, ಬಣ್ಣ ಎಲ್ಲಿ ಹುಸಿಯಾಗಿದೆ ಎಂದು ಸೊಪ್ಪು ಸೋಸಿದ ಹಾಗೆ ಬಿಡಿಸಿ ಹೇಳುತ್ತಿದ್ದ. ನಮಾಜಿನ ಚಾಪೆಯ ಮೇಲೆ ಹಣೆ ಊರಿ, ಈ ಹೊಟ್ಟೆಕಿಚ್ಚನ್ನು ತೆಗೆದುಬಿಡು ದೇವರೇ ಎಂದು ಬೇಡುತ್ತಿದ್ದ. ಚಾಪೆ ಸುತ್ತಿಟ್ಟು ಚಿತ್ರಶಾಲೆಗೆ ಬಂದವನೇ ಯಾಹ್ಯಾನ ಹಲಗೆಯ ಕಡೆಗೇ ಮೊದಲು ನೋಡುತ್ತಿದ್ದ.

ಈಗ ದೇವರು ಯಾಹ್ಯಾನನ್ನೇ ಅವನ ಅಂಗೈಗೆ ತಂದು ಇಟ್ಟಿದ್ದ.

ಅವನು ಪುಟದ ಮೇಲೆ ಮತ್ತೆ ಬಾಗಿದ. ತೋಟದ ಹುಲ್ಲು ಹಸಿರು, ಮರದ ಎಲೆ ಹಸಿರು, ರಾಣಿಯ ತೋಳಿನ ಬಳಿ ಕೂತ ಗಿಳಿಯೂ ಹಸಿರು. ಎಲ್ಲ ಗಟ್ಟಿಯಾಗಿದ್ದವು. ಸುಟ್ಟದ್ದು ಅಂಗಿಯೊಂದೇ. ಅದರರ್ಥ ಇಷ್ಟೇ. ದ್ರಾಕ್ಷಿ ಹುಳಿಸಿ ತೆಗೆದ ಸಿರ್ಕಾದ ಆವಿಗೆ ತಾಮ್ರದ ತಗಡು ನೇತುಹಾಕಿ ತೆಗೆಯುವ ಕಿಲುಬಿನ ಹಸಿರು ಹಸಿದ ಪ್ರಾಣಿ. ಕೇಸರಿ ನೀರು ಬೆರೆಸಿದರೆ ತೆಪ್ಪಗಿರುತ್ತದೆ, ಬೆರೆಸದಿದ್ದರೆ ಕೂತ ಕಾಗದವನ್ನೇ ತಿನ್ನುತ್ತದೆ. ಅಂಗಿಯ ಬಟ್ಟಲಿಗೆ ಕೇಸರಿ ಬಿದ್ದಿರಲಿಲ್ಲ.

ಅವನ ಎದೆಯಲ್ಲಿ ಏನೋ ಸಿಹಿಯಾಗಿ ಹರಿಯಿತು. ಅಸ್ತಗ್‌ಫಿರುಲ್ಲಾ, ದೇವರೇ ಕ್ಷಮಿಸು, ಎಂದುಕೊಂಡ. ಸಿಹಿ ಮಾತ್ರ ಹೋಗಲಿಲ್ಲ.

ಆದರೆ ಪುಟ ಮುಚ್ಚುವ ಮುಂಚೆ ಮೂಗಿಗೆ ಏನೋ ಬಡಿಯಿತು. ಪುಟಗಳ ಹೊಲಿಗೆಯ ಸಂದಿಗೆ ಮುಖ ತಂದ. ಹುಳಿ ವಾಸನೆ. ಉಗುರಿನ ತುದಿ ತೂರಿಸಿ ಕೆದಕಿದರೆ ಒಂದು ಕರಿಜೀರಿಗೆ ಕಾಳು ಎದ್ದು ಬಂತು. ಕಾಗದವನ್ನು ಓರೆಯಾಗಿ ಹಿಡಿದ. ಅಂಗಿಯ ಸುತ್ತ, ಅಂಗೈ ಅಗಲದಷ್ಟು ಕಡೆ, ಒದ್ದೆ ಬಟ್ಟೆ ಹಾಸಿ ತೆಗೆದಂತೆ ಕಾಗದ ಅಲೆಯಲೆಯಾಗಿ ಎದ್ದಿತ್ತು.

ಆ ಕಾಳನ್ನು ಗಾಳಿಗೆ ಊದಿಬಿಡಬಹುದಿತ್ತು. ಶರಫ್ ಅದನ್ನು ಕರವಸ್ತ್ರದ ತುದಿಗೆ ಕಟ್ಟಿಕೊಂಡ.

*

ಯಾಹ್ಯಾನ ಮನೆಯ ಬಾಗಿಲಿಗೆ ಗಂಡಸರಿಗೊಂದು ಹೆಂಗಸರಿಗೊಂದು ಎಂದಿದ್ದ ಎರಡು ಚಿಲಕಗಳಲ್ಲಿ ಗಂಡಸರು ಬಡಿಯುವ ದಪ್ಪ ಚಿಲಕವನ್ನೇ ಅವನು ಬಡಿದ. ಒಳಗಿನ ಹೆಜ್ಜೆ ನಿಂತಿತು. ಮುಸುಕು ಎಳೆದುಕೊಳ್ಳುವಷ್ಟು ಹೊತ್ತು ತಡೆದು ಅಗುಳಿ ಸರಿಯಿತು.

ಅಂಗಳದ ಆಚೆ ಜಗಲಿಯಲ್ಲಿ ಮುದುಕ ಉಸ್ತಾದ್ ಕುರುಡುಗಣ್ಣನ್ನು ಬಿಸಿಲಿಗೆ ಒಡ್ಡಿ ಜಪಮಾಲೆ ಎಣಿಸುತ್ತಿದ್ದ. ಶರಫ್‌ಗೂ ಯಾಹ್ಯಾನಿಗೂ ಕುಂಚ ಹಿಡಿಯಲು ಕಲಿಸಿದವನು ಅವನೇ. ಮಗಳು ಗುಲಂದಾಮ್‌ಳನ್ನು ಯಾಹ್ಯಾನಿಗೆ ಕೊಟ್ಟು ಅಳಿಯನ ಮನೆಯಲ್ಲೇ ಉಳಿದಿದ್ದ.

"ಯಾರಮ್ಮ ಅದು?"

"ನಿಮ್ಮ ಹಳೇ ಶಿಷ್ಯ, ಅಪ್ಪಾ. ಅಳಿಯನ ಕೈ ಕೇಳ್ಕೊಂಡು ಬಂದಿದ್ದಾರೆ."

ಮುದುಕನ ಬೆರಳು ಮಣಿಯ ಮೇಲೆ ನಿಂತಿತು. ಶರಫ್ ಸಲಾಂ ಹೇಳಿದ. ಉತ್ತರ ಬಂತು, ಆದರೆ ತಡವಾಗಿ.

ಗುಲಂದಾಮ್ ಶರಬತ್ತು ತರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತಳು. ಅವಳ ಬೆರಳುಗಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ನೀಲಿ ಇತ್ತು.

"ಬಾನು, ಆ ಅಂಗಿಯ ಹಸಿರು ಅರೆದವರು ನೀವೇ ತಾನೇ?"

"ಈ ಮನೇಲಿ ಇನ್ಯಾರು ಅರೀತಾರೆ? ಬೆಕ್ಕಾ?"

"ಅದಕ್ಕೆ ಕೇಸರಿ ಬಿದ್ದಿಲ್ಲ."

"ಹೌದು. ಬಿದ್ದಿಲ್ಲ."

ಇಷ್ಟು ಬೇಗ ಒಪ್ಪುತ್ತಾಳೆಂದು ಅವನು ಎಣಿಸಿರಲಿಲ್ಲ.

"ಮರೆತ್ರಾ?"

"ಅನ್ನಕ್ಕೆ ಉಪ್ಪು ಮರೀಬಹುದು ಖ್ವಾಜಾ. ಹಸಿರಿಗೆ ಕೇಸರಿ ಯಾರಾದ್ರೂ ಮರೀತಾರಾ? ಬೇಕಂತ್ಲೇ ಬಿಟ್ಟೆ."

"ಯಾಕೆ ಅಂತ ನಾನೇ ಹೇಳ್ಲಾ? ನಿಮ್ಮ ಕೈಕೆಲಸಕ್ಕೆ ಅವನ ಹೆಸರು. ಹೂವು ನಿಮ್ದು, ಹೊಗಳಿಕೆ ಅವನಿಗೆ. ವರ್ಷಗಟ್ಟಲೆ ನುಂಗಿದ್ರಿ. ಕೊನೆಗೆ ಹೊಟ್ಟೆಕಿಚ್ಚು ತಡೀಲಾರದೆ..."

ಅವಳು ನಕ್ಕಳು. ಮುಸುಕಿನ ಒಳಗಿನಿಂದ ಬಂದ ಆ ನಗು ಅಂಗಳ ದಾಟಿ ಹೋಯಿತು.

"ಆ ಮಾತು ನಿಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತೆ, ಅಣ್ಣಾ! ದಿನಾ ಅಗಿದು ಅಗಿದು ಮೆತ್ತಗಾಗಿದೆ ಅನ್ನಿಸುತ್ತೆ."

ಚಿಕ್ಕವಳಿದ್ದಾಗ ಅವಳು ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು. ಇಂದು ಆ ಕರೆ ಚುಚ್ಚಿತು.

"ಮತ್ತೆ ಯಾಕೆ ಬಿಟ್ರಿ?"

"ಅವರೇ ಕೇಳಿದ್ರು."

"ಯಾಹ್ಯಾ? ಕಾಗದ ತಿನ್ನುತ್ತೆ ಅಂತ ಗೊತ್ತಿದ್ದೂ?"

"ಗೊತ್ತಿದ್ದೂ."

ಅವಳು ಒಳಗೆ ಹೋಗಿ ಬಂದಳು. ಕೈಯಲ್ಲಿ ಬೆರಳಗಲದ ಕಾಗದದ ಚೂರು. ಬಟ್ಟಲಿನ ಬಣ್ಣ ಪುಟಕ್ಕೆ ಹೋಗುವ ಮೊದಲು ಎಲ್ಲರೂ ಹೀಗೆ ಒಂದು ಚೂರಿನ ಮೇಲೆ ಹಚ್ಚಿ ನೋಡುತ್ತಾರೆ. ಅವಳು ಅದನ್ನು ಅವನ ಮುಂದೆ ಇಟ್ಟಳು.

ಶರಫ್ ಅದನ್ನು ಕೈಗೆತ್ತಿಕೊಂಡ.

ಕೇಸರಿ ಬಿದ್ದ ಹಸಿರಿನಲ್ಲಿ ಎಷ್ಟೇ ಅಂದರೂ ಒಂದಿಷ್ಟು ಹಣ್ಣೆಲೆಯ ಛಾಯೆ ಇರುತ್ತದೆ. ಇದರಲ್ಲಿ ಅದಿಲ್ಲ. ಬೆಳಗಿನ ನಮಾಜಿನ ಹೊತ್ತಿಗೆ ಕೊಳದ ತಳದಿಂದ ಮೇಲೇಳುವ ಬಣ್ಣ ಅದು. ಇಷ್ಟು ವರ್ಷ ಬಣ್ಣಗಳ ನಡುವೆ ಬದುಕಿದವನ ಕಣ್ಣು ಇಂಥದನ್ನು ಕಂಡಿರಲಿಲ್ಲ. ಅಂಗಿಗೆ ಬಣ್ಣ ಬಿದ್ದ ಮೇಲೆ, ತನ್ನ ಕಡೆಯ ಮುಖವನ್ನು ನೋಡಲಾರದೆ, ಆ ಪುಟವನ್ನು ಅವನು ತೆರೆದೇ ಇರಲಿಲ್ಲ. ಕಂಡ ಕೂಡಲೇ ಎದೆ ಉರಿಯಿತು. ನನ್ನ ಕೈಯಿಂದ ಯಾಕೆ ಬರಲಿಲ್ಲ ಇದು?

"ಆವತ್ತು ಚಿತ್ರಶಾಲೆಯಿಂದ ಬಂದು ಊಟ ಮಾಡ್ಲಿಲ್ಲ ಅವರು," ಗುಲಂದಾಮ್ ಹೇಳಿದಳು. "ಏನಾಯ್ತು ಅಂದೆ. 'ಶರಫ್ ರಾಣಿಯ ಮುಖ ಮುಗಿಸಿದ್ದಾನೆ ಕಣೇ. ಆ ಮುಖದ ಕೆಳಗೆ ನಾನು ಏನು ಬರೆದ್ರೂ ಯಾರು ನೋಡ್ತಾರೆ? ಕತ್ತಿನ ತನಕ ನೋಡಿ ಪುಟ ಮಗುಚ್ತಾರೆ' ಅಂದ್ರು. ಬೆಳಗಾಗೋವರೆಗೂ ಹೊರಳಾಡಿದ್ರು. ಎದ್ದವರೇ ಕೇಸರಿ ಹಾಕ್ಬೇಡ ಅಂದ್ರು. ತಿನ್ನುತ್ತೆ ಅಲ್ರೀ ಅಂದೆ. 'ನಾನು ಸತ್ತ ಮೇಲೆ ತಿನ್ಲಿ, ಬದುಕಿರೋವಾಗ ಒಂದು ಸಲ ಅವನ ಮುಖ ಬಿಟ್ಟು ನನ್ನ ಅಂಗಿ ನೋಡ್ಲಿ' ಅಂದ್ರು."

ಜಗಲಿಯಲ್ಲಿ ಜಪಮಾಲೆ ಮತ್ತೆ ಸರಿಯತೊಡಗಿತ್ತು.

ಶರಫ್ ಕೂತಲ್ಲೇ ಕೂತ. ಉರಿಯುವವನು ತಾನೊಬ್ಬನೇ ಎಂದುಕೊಂಡು ಇಷ್ಟು ವರ್ಷ ಕಳೆದಿದ್ದ. ಗೋಡೆಯ ಆಚೆ ಇನ್ನೊಬ್ಬನೂ ಇದೇ ಬೆಂಕಿಗೆ ಬೆನ್ನು ಕೊಟ್ಟು ಕೂತಿದ್ದನೇ? ಅದೂ ತನ್ನನ್ನು ಕಂಡು? ಬೇಡವೆಂದರೂ ಅದರಲ್ಲೊಂದು ಸುಖವಿತ್ತು. ಯಾರಾದರೂ ಇದನ್ನು ಮೊದಲೇ ಹೇಳಿದ್ದರೆ ಎಷ್ಟು ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು!

ಅನಂತರವೇ ಅವನಿಗೆ ಕೈಯಲ್ಲಿದ್ದ ಚೂರಿನ ಕಡೆ ಗಮನ ಹೋದದ್ದು. ಅದನ್ನು ಮೆಲ್ಲಗೆ ಬಾಗಿಸಿದ. ಕಾಗದ ಬಾಗಿತು, ಮುರಿಯಲಿಲ್ಲ.

"ಇದು ಅದೇ ಬಟ್ಟಲಿನದಾ? ಅದೇ ದಿನದ್ದಾ?"

"ಅದೇ."

"ಮತ್ತೆ ಇದನ್ನ ಯಾಕೆ ತಿಂದಿಲ್ಲ?"

ಗುಲಂದಾಮ್ ಕಂಬದಿಂದ ಬೆನ್ನು ತೆಗೆದಳು.

"ತಿನ್ನೋಕೆ ಇನ್ನೂ ಎಷ್ಟೋ ವರ್ಷ ಬೇಕಿತ್ತು ಅಂತಾಯ್ತು," ಎಂದ ಶರಫ್. ಕರವಸ್ತ್ರ ಬಿಚ್ಚಿ ಕಾಳನ್ನು ತೋರಿಸಿದ. "ಇದು ಆ ಪುಟದ ಸಂದಿಯಲ್ಲಿತ್ತು. ಉಪ್ಪಿನಕಾಯಿಯ ಸಿರ್ಕಾದಲ್ಲಿ ಅದ್ದಿದ ಬಟ್ಟೆ ಇಟ್ಟಿದ್ದಾರೆ. ಅಂಗಿಯ ಮೇಲೆ ಮಾತ್ರ. ಹುಳಿ ತಾಗಿ ಹಸಿರು ಕೆರಳಿದೆ."

"ನಮ್ಮನೇಲಿ ಉಪ್ಪಿನಕಾಯಿ ಹಾಕಲ್ಲ. ಅಪ್ಪನ ಹೊಟ್ಟೆಗೆ ಹುಳಿ ಆಗಲ್ಲ, ನಿಮಗೇ ಗೊತ್ತು."

"ತೋಟದ ಹಸಿರು ಬಿಟ್ಟು ಅಂಗಿಗೇ ಕೇಸರಿ ಬಿದ್ದಿಲ್ಲ ಅಂತ ಯಾರಿಗೆ ಗೊತ್ತಿತ್ತು? ಈ ಗುಟ್ಟು ಯಾರಿಗೆಲ್ಲ ಹೇಳಿದ್ರಿ?"

"ಯಾರಿಗೂ ಇಲ್ಲ."

"ಹಮಾಮಿನಲ್ಲಿ ಹೆಂಗಸರ ಮಧ್ಯೆ, ಏನೋ ತಮಾಷೆಗೆ..."

"ಗಂಡನ ಕೈ ಹೋಗೋ ಗುಟ್ಟನ್ನ ಹಮಾಮಿನಲ್ಲಿ ಬೆನ್ನು ಉಜ್ಜಿಸ್ಕೊಳ್ತಾ ಹೇಳ್ತೀನಾ? ನಿಜಕ್ಕೂ ಹೇಳಿ, ನಾನು ಅಂಥವಳಾ?" ಅವಳ ದನಿ ಥಟ್ಟನೆ ಇಳಿಯಿತು. "ಖ್ವಾಜಾ, ಈ ಚಳಿಗಾಲ ಪುಸ್ತಕ ಎಲ್ಲಿತ್ತು?"

ಶರಫ್ ಕರವಸ್ತ್ರದ ಮೇಲಿನ ಕಾಳನ್ನು ನೋಡಿದ.

ಹಿಮದ ಭಾರಕ್ಕೆ ಚಿತ್ರಶಾಲೆಯ ಮಾಡು ಕುಸಿದಾಗ ಬೆಲೆಬಾಳುವ ಪುಸ್ತಕಗಳನ್ನು ನಂಬಿಕೆಯವರ ಮನೆಗಳಲ್ಲಿ ಇರಿಸಿದ್ದರು. ಇದು ಶರಫ್‌ನ ಮನೆಯಲ್ಲಿತ್ತು. ಒಳಮನೆಯಲ್ಲಿ, ಮಾಹ್‌ರುಖ್‌ಳ ಕೋಣೆಯ ಪೆಟ್ಟಿಗೆಯೊಳಗೆ. ಬೀಗದ ಕೈ ಅವಳ ಸೊಂಟದಲ್ಲಿತ್ತು. ಪಕ್ಕದ ಗೂಡಿನಲ್ಲಿ ಅವಳ ಉಪ್ಪಿನಕಾಯಿಯ ಜಾಡಿಗಳು. ಕರಿಜೀರಿಗೆಯನ್ನು ಅವಳು ಹಿಡಿಗಟ್ಟಲೆ ಹಾಕುತ್ತಾಳೆ. ಅದರ ರುಚಿಯನ್ನು ಅವನೇ ನಾಲ್ಕು ಜನರ ಮುಂದೆ ಕೊಂಡಾಡಿದ್ದಾನೆ.

ಗುಲಂದಾಮ್ ಅವನ ಮುಖ ನೋಡಿ ತಿಳಿದುಕೊಂಡಳು. ಹೆಸರು ಕೇಳಲಿಲ್ಲ.

"ಒಂದೇ ಕೇಳ್ತೀನಿ," ಎಂದಳು. "ಕೇಸರಿ ಇರ್ಲಿಲ್ಲ ಅಂತ ಅಷ್ಟೇ ಹೇಳಿ ನೀವು ಸುಮ್ಮನಾಗಬಹುದು. ಅದು ಸುಳ್ಳೂ ಅಲ್ಲ. ಸುಮ್ಮನಾಗ್ತೀರಾ?"

ಚೂರನ್ನೂ ಕಾಳನ್ನೂ ಒಟ್ಟಿಗೆ ಕಟ್ಟಿಕೊಂಡು ಶರಫ್ ಎದ್ದ. ಬಾಗಿಲ ಬಳಿ ಹೋದಾಗ ಮುದುಕನ ದನಿ ಹಿಂದಿನಿಂದ ಬಂತು.

"ಇಬ್ಬರಿಗೂ ಒಂದೇ ಹಲಗೆ ಕೊಟ್ಟು ಕಲಿಸಿದೆ ಕಣೋ. ಅದೇ ತಪ್ಪಾಯ್ತೇನೋ."

*

ಪೇಟೆಯ ಕಮಾನಿನ ಕೆಳಗೆ ಕಥೆಗಾರನೊಬ್ಬ ಅರಸರ ಕಥೆಯನ್ನು ರಾಗವಾಗಿ ಹಾಡುತ್ತಿದ್ದ. ಉಳಿದ ದಿನಗಳಲ್ಲಿ ಶರಫ್ ಆ ಲಯಕ್ಕೆ ಹೆಜ್ಜೆ ನಿಧಾನಿಸುತ್ತಿದ್ದ. ಇಂದು ಪದಗಳು ಕಿವಿಗೆ ಬಿದ್ದು ಉರುಳಿಹೋದವು.

ಮಾಹ್‌ರುಖ್ ಇದನ್ನು ಯಾಕೆ ಮಾಡಿದಳೆಂದು ಕೇಳುವ ಅಗತ್ಯವೇ ಇರಲಿಲ್ಲ. ಊಟದ ಜೊತೆಗೆ ದಿನವೂ ಯಾಹ್ಯಾನ ಹೆಸರನ್ನು ಅವಳ ತಟ್ಟೆಗೂ ಬಡಿಸಿದವನು ತಾನೇ. ಗಂಡನ ಸಂಕಟ ನೋಡಲಾರದೆ ಮಾಡಿದ್ದಾಳೆ. ಗುಟ್ಟು ಅವಳಿಗೆ ಗುಲಂದಾಮ್‌ಳಿಂದಲೇ ತಿಳಿದಿರಬೇಕು, ಹೆದರಿ ಇಲ್ಲವೆನ್ನುತ್ತಿದ್ದಾಳೆ ಅಷ್ಟೆ. ಹಾಗೆಂದುಕೊಂಡು ಅವನು ಗಟ್ಟಿಯಾದ. ನನಗಾಗಿ ಮಾಡಿದ್ದಾಳೆ. ಭಯದ ನಡುವೆಯೂ ಆ ಮಾತು ಬೆಚ್ಚಗಿತ್ತು.

ಸುಮ್ಮನಿದ್ದರೆ ಮನೆ ಉಳಿಯುತ್ತದೆ. ಯಾಹ್ಯಾನ ಕೈ ಹೋಗುತ್ತದೆ. ಆ ಹಸಿರನ್ನು ಮತ್ತೆ ಯಾರೂ ಬರೆಯುವುದಿಲ್ಲ.

ಮಸೀದಿಯಲ್ಲಿ ಸಾಲಿನ ಕೊನೆಗೆ ನಿಂತು ನಮಾಜು ಮಾಡಿದ. ಬೇಡುವ ಹೊತ್ತಿಗೆ ಯಾವತ್ತಿನ ಮಾತು ಬಾಯಿಗೆ ಬರಲಿಲ್ಲ. ಬರಿಯ ಕೈ ಚಾಚಿ ಎದ್ದ.

*

ಗ್ರಂಥಾಲಯದ ಮುಖ್ಯಸ್ಥ ಮಿರ್ಜಾ ಕವಾಮ್ ಅಂಗಳದ ಗದ್ದುಗೆಯ ಮೇಲೆ ಕೂತಿದ್ದ. ಕೆಳಗೆ ಮರದ ದಿಮ್ಮಿ, ಅದರ ಪಕ್ಕ, ಕಡಿದ ಗಾಯಕ್ಕೆ ಹೊಯ್ಯಲು ಒಲೆಯ ಮೇಲೆ ಕಾಯುತ್ತಿದ್ದ ಎಣ್ಣೆ. ಯಾಹ್ಯಾ ಮಂಡಿಯೂರಿದ್ದ. ಅವನ ಬಲತೋಳಿನ ಬಟ್ಟೆಯನ್ನು ಆಗಲೇ ಮೊಣಕೈವರೆಗೆ ಮಡಿಸಿದ್ದರು.

"ಹೇಳಿ ಖ್ವಾಜಾ. ಚಿಕ್ಕದಾಗಿ ಹೇಳಿ."

"ಅಂಗಿಯ ಹಸಿರಿಗೆ ಕೇಸರಿ ಬಿದ್ದಿರ್ಲಿಲ್ಲ, ಹುಜೂರ್. ಬೇಡ ಅಂದದ್ದು ಯಾಹ್ಯಾನೇ. ಅದು ಅವನ ತಪ್ಪು."

ಯಾಹ್ಯಾ ತಲೆ ಎತ್ತಲಿಲ್ಲ. ಮಿರ್ಜಾ ಕವಾಮ್ ಎಣ್ಣೆಯ ಬಳಿ ನಿಂತವನಿಗೆ ಕಣ್ಸನ್ನೆ ಮಾಡಿದ.

"ಮಾತು ಮುಗೀಲಿಲ್ಲ," ಎಂದ ಶರಫ್.

ತನ್ನ ದನಿ ತನಗೇ ಅಪರಿಚಿತವೆನಿಸಿತು. ಚೂರನ್ನು ಗದ್ದುಗೆಯ ಮೇಲಿಟ್ಟ. ಅದೇ ಬಟ್ಟಲಿನ ಬಣ್ಣ ಇನ್ನೂ ಹೇಗೆ ಗಟ್ಟಿಯಾಗಿದೆ ಎಂದು ಬಾಗಿಸಿ ತೋರಿಸಿದ. ಕಾಳನ್ನೂ, ಕಾಗದದ ಅಲೆಯನ್ನೂ ತೋರಿಸಿದ.

"ಈ ಪುಟ ಕೆಡಿಸಿದ್ದು ಎರಡು ಕೈ. ಒಂದು ಕೈ ಕೇಸರಿ ಬಿಟ್ಟಿತು. ಈ ಚಳಿಗಾಲ ಇನ್ನೊಂದು ಕೈ ಸಿರ್ಕಾದ ಬಟ್ಟೆ ಇಟ್ಟಿತು. ಆ ಎರಡನೇದಿಲ್ಲದಿದ್ರೆ ಪುಟ ಇವತ್ತಿಗೂ ಗಟ್ಟಿಯಾಗೇ ಇರ್ತಿತ್ತು."

"ಚಳಿಗಾಲದಲ್ಲಿ ಪುಸ್ತಕ ಯಾರ ಮನೇಲಿತ್ತು?"

"ನನ್ನ ಮನೇಲಿ."

ಅಂಗಳದಲ್ಲಿ ಗುಸುಗುಸು ಎದ್ದಿತು.

"ಹಾಗಾದ್ರೆ ಆ ಕೈ ಯಾರ್ದು?" ಮಿರ್ಜಾ ಕವಾಮ್ ಮುಂದೆ ಬಾಗಿದ. "ನಿಮ್ದಾ?"

ಹೆಸರು ಗಂಟಲಿಗೆ ಬಂತು. ಶರಫ್ ಅದನ್ನು ಒಂದು ಉಸಿರಿನಷ್ಟು ಹೊತ್ತು ತಡೆದು ಹಿಡಿದ.

ಅಷ್ಟರಲ್ಲಿ ಯಾಹ್ಯಾ ಕೂಗಿದ.

"ನಂದು! ಎರಡೂ ಕೈ ನಂದೇ, ಹುಜೂರ್! ಅವರ ಮನೆಯವರನ್ನ ಇದ್ರಲ್ಲಿ ಎಳೀಬೇಡಿ. ಬಟ್ಟೆ ಇಟ್ಟವನು ನಾನು."

ನಿನ್ನೆಯಿಂದ ತನ್ನ ಕೈಯನ್ನು ಉಳಿಸಿಕೊಳ್ಳಲು ಒಂದು ಮಾತೂ ಆಡದವನು ಈಗ ಬೆವರಿ, ಹಗ್ಗ ಜಗ್ಗಿ, ಮಂಡಿಯ ಮೇಲೆ ಮುಂದಕ್ಕೆ ತೆವಳುತ್ತಿದ್ದ.

"ನಿನ್ನ ಪುಟ ನೀನೇ ಯಾಕೆ ಕೆಡಿಸ್ತೀಯಾ?"

"ರೂಮಿನವರ ಪಾಲಾಗೋದು ಬೇಡ ಅನ್ನಿಸ್ತು."

"ಅವರ ಮನೆ ಒಳಗೆ ಹೇಗೆ ಹೋದೆ? ಸುಳ್ಳು ಹೇಳ್ಬೇಡ."

"ಸುಳ್ಳಲ್ಲ ಹುಜೂರ್! ಬೇಕಾದ್ರೆ ಕೇಳಿ. ಬಾದಾಮಿ ಮರದ ಕಡೆ ಕಿಟಕಿ. ಅದರ ಕೆಳಗೇ ಪೆಟ್ಟಿಗೆ. ಮೇಲೆ ನೀಲಿ ಹೊದಿಕೆ, ಅರ್ಧ ಮಾತ್ರ ಕಸೂತಿ ಹಾಕಿರೋದು. ಬಲಗಡೆ ಗೋಡೆಗೆ ಸಣ್ಣ ಕನ್ನಡಿ. ನೋಡಿದ್ದೀನಿ ನಾನು. ಹೋಗಿದ್ದೆ ಅಲ್ಲಿಗೆ."

ಮಿರ್ಜಾ ಕವಾಮ್ ಶರಫ್‌ನ ಕಡೆ ತಿರುಗಿದ.

ಆ ಒಳಮನೆಗೆ ಶರಫ್ ಬಿಟ್ಟರೆ ಬೇರೆ ಗಂಡಸು ಕಾಲಿಟ್ಟದ್ದಿಲ್ಲ. ಕಾಲಿಡುವಂತೆಯೂ ಇಲ್ಲ. ನೀಲಿ ಹೊದಿಕೆಯ ಕಸೂತಿಯನ್ನು ಮಾಹ್‌ರುಖ್ ಹಿಡಿದದ್ದೇ ಈ ಚಳಿಗಾಲದಲ್ಲಿ. ಅಂಗಿಯ ಗುಟ್ಟು ಅವಳಿಗೆ ಗುಲಂದಾಮ್‌ಳಿಂದ ಬಂದದ್ದಲ್ಲ. ಶರಫ್‌ನ ಒಳಗಿದ್ದ ಹಳೆಯ ಕೆಂಡ ಬೂದಿ ಕೊಡವಿಕೊಂಡು ಎದ್ದಿತು. ಈ ಸಲ ಅದು ಕುಂಚಕ್ಕಾಗಿ ಉರಿಯುತ್ತಿರಲಿಲ್ಲ.

ಅವನು ಯಾಹ್ಯಾನ ಕಣ್ಣನ್ನು ಹುಡುಕಿದ. ಯಾಹ್ಯಾ ಕಣ್ಣು ಕೊಡಲಿಲ್ಲ.

"ಖ್ವಾಜಾ," ಮಿರ್ಜಾ ಕವಾಮ್‌ನ ದನಿ ಮೆತ್ತಗಿತ್ತು. "ನಿಮ್ಮ ಹೆಂಡತಿಯ ಕೋಣೆ ಅವನು ಹೇಳಿದ ಹಾಗೇ ಇದೆಯಾ?"